ಮೈಸೂರು ಸರ್ವೆ: ಮೆಕೆಂಜಿಯೋ, ಲ್ಯಾಂಬ್ಟನ್ನೋ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಶುರುವಾದ ಮೈಸೂರು ಸರ್ವೆಯನ್ನು ಲ್ಯಾಂಬ್ಟನ್ ಹೆಸರಿಗೆ ಬರೆಯುವುದು ತಪ್ಪು. ಅದು ಕಾಲಿನ್ ಮೆಕೆಂಜಿಯದು. ಲ್ಯಾಂಬ್ಟನ್ನನ ತ್ರಿಕೋನಮಿತಿ ಸರ್ವೆ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯ ಆಧಾರರೇಖೆಯಿಂದ ಹೊರಟು ಬೆಟ್ಟದ ತುದಿಗಳ ಸ್ಥಾನ ನಿಗದಿ ಮಾಡಿತು. ಆ ತುದಿಗಳ ನಡುವೆ ಹಳ್ಳ, ಕಣಿವೆ, ಕಾಡುದಾರಿ, ಊರಿನ ಹೆಸರು ತುಂಬುವುದು ಮೆಕೆಂಜಿ ನಡೆಸಿದಂಥ ಸ್ಥಳಾಕೃತಿ ಸರ್ವೆಯ ಕೆಲಸ. ಮಲೆನಾಡಿನ ದಟ್ಟ ಮರಗಳ ಕೆಳಗೆ ನಿಂತವನಿಗೆ ಎದುರಿನ ಗುಡ್ಡವೇ ಕಾಣದು. ಹಾಗಾಗಿ ಈ ಎರಡನೆಯದೇ ಹೆಚ್ಚು ಕಷ್ಟದ್ದು ಎನ್ನಬೇಕು. ಮೆಕೆಂಜಿಯೂ ತ್ರಿಕೋನಗಳನ್ನು ಅಳೆದನಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಅವನಿಗದು ನಕ್ಷೆಯ ಚೌಕಟ್ಟು, ಲ್ಯಾಂಬ್ಟನ್ನನಿಗೆ ಭೂಮಿಯ ಆಕಾರ ತಿಳಿಯುವ ದಾರಿ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಮೆಕೆಂಜಿಯೇ.