ಎದುರಿನವರಿಗೆ ಮಾತು ಉಳಿಸಿ
ಫೋನಿನಲ್ಲಿ ಕೂಡಿ ಕತೆ ಆಡುವವರಿಗೆ ಗೋಕಾಕದಿಂದ ಕೆಲವು ಪಾಠಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕೆಲವು ಗೆಳೆಯರು ಕೂಡಿ ಟೆಲಿಗ್ರಾಂ ಗುಂಪಿನಲ್ಲಿ ಒಂದು ಕತೆ ನಡೆಸುತ್ತೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಪೂರ್ತಿ ಕತೆಯನ್ನು ಯಾರೂ ಬರೆಯುವುದಿಲ್ಲ. ನಿಮ್ಮ ಪಾತ್ರ ಏನು ಹೇಳಿತು, ಏನು ಮಾಡಿತು, ಅಷ್ಟನ್ನೇ ಬರೆದು ಬಿಡುತ್ತೀರಿ. ಮುಂದಿನದು ಇನ್ನೊಬ್ಬರ ಪಾಲು. ಕತೆ ನಡೆಯುವುದು ಇವತ್ತಿನ ಗೋಕಾಕದಲ್ಲೇ. ಬಸ್ ಸ್ಟ್ಯಾಂಡು, ಕರದಂಟಿನ ಅಂಗಡಿ, ಮೊಬೈಲ್ ರಿಪೇರಿ ಎಲ್ಲ ಇದ್ದದ್ದು ಇದ್ದಂತೆ ಇವೆ. ಆದರೆ ಆ ಊರಿನಲ್ಲಿ ಮನುಷ್ಯರ ನಡುವೆ ಮನುಷ್ಯರಲ್ಲದವರೂ ಬಾಡಿಗೆ ಮನೆ ಹಿಡಿದಿದ್ದಾರೆ.

ಹೊರಗಿನ ಜಗತ್ತಿನಲ್ಲಿ ಈ ಆಟಕ್ಕೆ ಐವತ್ತು ವರ್ಷದ ಇತಿಹಾಸ ಇದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು. ಮೇಜಿನ ಸುತ್ತ ಕುಳಿತು ಆಡುವ ಆಟ ಅದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟ್ಲ್ ಕಂಪ್ಯೂಟರಿನಲ್ಲಿ ಬರೀ ಅಕ್ಷರಗಳಿಂದಲೇ ಹಲವರು ಕೂಡಿ ಆಡುವ ‘ಮಡ್’ ಕಟ್ಟಿದರು. 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ ರಕ್ತಪಿಶಾಚಿಗಳನ್ನು ಹಳೆಯ ಕೋಟೆಗಳಿಂದ ಇಳಿಸಿ ಇಂದಿನ ನಗರದ ಬೀದಿಗೆ ತಂದಿತು. ನಮ್ಮ ಆಟ ಈ ಕೊನೆಯ ಬಗೆಗೆ ಸೇರಿದ್ದು. ಆಡುವ ರೀತಿಯನ್ನು ಮಾತ್ರ ನಾವು ಕಲಿತದ್ದು ನಮ್ಮ ಹೊಲದ ಬದುವಿನಲ್ಲೇ ಬೆಳೆದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದಿಂದ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಹೊಂದಿಸಿ ಊರೂರಿಗೆ ಒಯ್ದ ಕುಲಗೋಡ ತಮ್ಮಣ್ಣ ನಮ್ಮ ಭಾಗದವನು. ಆ ಆಟವನ್ನು ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮ ನಮ್ಮ ಭಾಗದವರು. ಅದರಲ್ಲಿ ದೇವಲೋಕದ ಹೂವೊಂದು ಭೂಮಿಗೆ ಬಂದು ಒಂದು ಸಂಸಾರದಲ್ಲಿ ಸವತಿಯರ ಜಗಳ ಹಚ್ಚುತ್ತದೆ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರು ನಮ್ಮ ಓಣಿಯವರ ಹಾಗೆಯೇ ಮಾತಾಡುತ್ತಾರೆ. ಇದಕ್ಕಿಂತ ಒಳ್ಳೆಯ ಶಾಲೆ ನಮಗೆ ಬೇರೆ ಇರಲಿಲ್ಲ.

1. ಪದ ಗಟ್ಟಿ ಇರಲಿ, ಮಾತು ಸಡಿಲ ಇರಲಿ

ಪಾರಿಜಾತದಲ್ಲಿ ಪದಗಳು, ಅಂದರೆ ಹಾಡುಗಳು, ಮೊದಲೇ ಗೊತ್ತು. ಪದ ಮುಗಿದ ಮೇಲೆ ಬರುವ ಮಾತು ಅಲ್ಲೇ ಹುಟ್ಟುತ್ತದೆ. ಒಳ್ಳೆಯ ಸತ್ಯಭಾಮೆ ಸಿಕ್ಕರೆ ಕೃಷ್ಣನ ಪಾಡು ಆ ರಾತ್ರಿ ಬೇರೆ, ಮರುದಿನ ಇನ್ನೊಂದೂರಲ್ಲಿ ಇನ್ನೂ ಬೇರೆ. ಕತೆ ಎಲ್ಲಿಗೆ ಮುಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದಲೇ ದಾರಿಯಲ್ಲಿ ಎಷ್ಟು ಬೇಕಾದರೂ ಅಡ್ಡಾಡುವ ಧೈರ್ಯ ಬರುತ್ತದೆ.

ನಮ್ಮ ಆಟಕ್ಕೂ ಹೀಗೆ ಗಟ್ಟಿ ಭಾಗ ಒಂದಿದೆ. 1887ರಲ್ಲಿ ಗೋಕಾಕ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು, ಇದು ಇತಿಹಾಸ. 170 ಅಡಿ ಧುಮುಕುವ ಆ ನೀರಿನ ಹಿಂದೆ ಮನೆ ಮಾಡಿಕೊಂಡಿದ್ದ ‘ನೀರಿನವರು’ ಅವತ್ತು ನಿದ್ದೆ ಕೆಟ್ಟು ಊರಿಗೆ ಬಂದರು. ಇದು ನಮ್ಮ ಕಲ್ಪನೆ. ಅವರಿಗೆ ಹರಿಯುವ ನೀರು ದಾಟಲು ಅಪ್ಪಣೆ ಬೇಕು. ಅವರು ಸುಳ್ಳು ಹೇಳಬಲ್ಲರು, ಕೊಟ್ಟ ಮಾತು ಮುರಿಯಲಾರರು. ಮಳೆಗಾಲದಲ್ಲಿ ಘಟಪ್ರಭೆ ಕೆಂಪಾದಾಗ ಅವರ ಬಲ ಹೆಚ್ಚುತ್ತದೆ. ಇಷ್ಟೆಲ್ಲ ಒಂದೇ ಪುಟದಲ್ಲಿ ಮುಗಿಯುತ್ತದೆ. ಗುಂಪಿಗೆ ಸೇರುವವರು ಮೊದಲು ಆ ಪುಟ ಓದಬೇಕು. ನಿಯಮ ಒಂದು ಪುಟ ದಾಟಿದರೆ ಯಾರೂ ಓದುವುದಿಲ್ಲ; ಓದಿದವರಿಗೆ ಆಡುವ ಉಮೇದು ಉಳಿಯುವುದಿಲ್ಲ.

2. ಇನ್ನೊಬ್ಬರ ಪಾತ್ರದ ಕೈಕಾಲು ನೀವು ಆಡಿಸಬೇಡಿ

ಈ ಆಟದಲ್ಲಿ ದೊಡ್ಡ ಪಾಠ ಇದೊಂದೇ. ಉಳಿದವೆಲ್ಲ ಇದರ ಬಾಲ ಹಿಡಿದು ಬರುತ್ತವೆ.

ನಮ್ಮ ಕತೆಯಲ್ಲಿ ನೀರವ್ವ ಎಂಬ ನೀರಿನವಳಿದ್ದಾಳೆ. ಹೊಸಬರು ಹೀಗೆ ಬರೆಯುತ್ತಾರೆ: “ನೀರವ್ವ ಲೋಳಸೂರ ಸೇತುವೆ ಮೇಲೆ ನಿಂತು ಕಣ್ಣು ಬಿಟ್ಟಳು. ರಿಕ್ಷಾದ ಬಸು ಗಡಗಡ ನಡುಗಿ ಅವಳ ಕಾಲಿಗೆ ಬಿದ್ದ, ತನ್ನ ಗುಟ್ಟೆಲ್ಲ ಹೇಳಿಬಿಟ್ಟ.” ಓದಲು ಚಂದ ಇರಬಹುದು. ಆದರೆ ಬಸು ಬೇರೆಯವರ ಪಾತ್ರ. ಅವನು ನಡುಗುತ್ತಾನೋ ನಗುತ್ತಾನೋ ಹೇಳುವ ಹಕ್ಕು ಅವನನ್ನು ಆಡುವವರದು. ಎರಡೇ ಸಾಲಿನಲ್ಲಿ ಅವರ ಪಾಲಿನ ಆಟವನ್ನೂ ನೀವೇ ಆಡಿ ಮುಗಿಸಿದಿರಿ. ಅವರು ಇನ್ನೇನು ಬರೆಯಬೇಕು?

ಅದೇ ಪ್ರಸಂಗವನ್ನು ಹೀಗೆ ಬರೆಯಬಹುದು: “ನೀರವ್ವ ಸೇತುವೆಯ ಕಂಬಿ ಮೇಲೆ ಕೈಯಿಟ್ಟಳು. ಕಬ್ಬಿಣದ ತುಂಬ ಹನಿ ಮೂಡಿತು. ‘ಬಸೂ, ನಿನ್ನಿ ರಾತ್ರಿ ನಿನ್ನ ರಿಕ್ಷಾದಾಗ ಯಾರ ಕುಂತಿದ್ರೋ? ನೀರಿನ ವಾಸನಿ ಇನ್ನೂ ಹೋಗಿಲ್ಲ.’”

ಬಸುವನ್ನು ಆಡುತ್ತಿದ್ದವರು ಮೂಡಲಗಿಯ ಒಬ್ಬ ಮಾಸ್ತರರು. ಅವರ ಉತ್ತರ ಹೀಗೆ ಬಂತು: “ಬಸು ರಿಕ್ಷಾ ಬಂದ್ ಮಾಡಲಿಲ್ಲ. ‘ಮಳಿಗಾಲ ಐತಿ ಬೇ ಯವ್ವಾ, ಎಲ್ಲಾರ ಮೈಯಾಗೂ ನೀರಿನ ವಾಸನಿ ಇರತೈತಿ. ನಿಮ್ಮ ಮೈಯಾಗ ಅಷ್ಟ ಯಾಕ ಇಲ್ಲ?’”

ನೀರಿನವಳ ಮೈಗೆ ನೀರಿನ ವಾಸನೆ ಇಲ್ಲ ಎಂಬುದು ನೀರವ್ವನನ್ನು ಆಡುತ್ತಿದ್ದವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಒಂದು ಪ್ರಶ್ನೆಯಿಂದ ಅವಳಿಗೆ ಒಂದು ಹಿಂದಿನ ಬದುಕೇ ಹುಟ್ಟಿತು: ತನ್ನವರಿಂದ ಹೊರಗಾದವಳು, ನದಿ ತನ್ನನ್ನು ಮರೆತಿದೆ ಎಂದು ನಂಬಿದವಳು. ಒಬ್ಬರೇ ಕುಳಿತು ಬರೆದರೆ ಇಂಥದ್ದು ಬರುವುದು ಕಷ್ಟ. ಪ್ರತಿ ಬರಹದ ಕೊನೆಗೆ ಎದುರಿನವರು ಹಿಡಿಯಬಹುದಾದ ಏನಾದರೊಂದು ಇರಬೇಕು: ಒಂದು ಪ್ರಶ್ನೆ, ಒಂದು ತೆರೆದ ಬಾಗಿಲು, ಕೈಯಿಂದ ಜಾರಿದ ಒಂದು ಚೀಲ. ಹೊಡೆದಾಟವಿದ್ದರೆ “ಬೀಸಿದ” ಎಂದು ಬರೆಯಿರಿ, “ಬಿತ್ತು” ಎಂದು ಬರೆಯಬೇಡಿ. ಏಟು ತಾಗಿತೋ ತಪ್ಪಿತೋ ತಿನ್ನುವವರು ಹೇಳುತ್ತಾರೆ. ಪಾತ್ರ ಸಾಯುವ ಮಾತಂತೂ ಅದನ್ನು ಆಡುವವರ ಒಪ್ಪಿಗೆ ಇಲ್ಲದೆ ಎತ್ತಲೇಬಾರದು.

3. ಊರನ್ನು ಕಾಲಿನಿಂದ ಅರಿತಿರಬೇಕು

ಲಂಡನ್ನೋ ಶಿಕಾಗೋ ಹಿಡಿದು ಬರೆಯುವ ಆಸೆ ಹುಡುಗರಿಗೆ ಇರುತ್ತದೆ. ನಾನು ಒಪ್ಪುವುದಿಲ್ಲ. ಅದ್ಭುತವನ್ನು ನಂಬಿಸಬೇಕಾದರೆ ಅದು ನಿಂತ ನೆಲ ಸುಳ್ಳಾಗಬಾರದು. ಫಾಲ್ಸಿನ ತೂಗುಸೇತುವೆ ಮೇಲೆ ನಡೆದಾಗ ಕಾಲ ಕೆಳಗೆ ಅದು ಹೇಗೆ ಅಲುಗುತ್ತದೆ, ಜೀನಗಾರರು ಮಾಡುವ ಮರದ ಹಣ್ಣು ಗೊಂಬೆಗಳ ಬಣ್ಣ ಎಂಥದು, ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಹೇಗೆ ಒಂದರೊಳಗೊಂದು ಹೊಕ್ಕು ಬರುತ್ತವೆ, ಇವೆಲ್ಲ ಗೊತ್ತಿದ್ದವರು ಒಂದೇ ಸಾಲಿನಲ್ಲಿ ಹೆದರಿಸಬಲ್ಲರು. ನಮ್ಮ ಗುಂಪಿನ ಒಂದು ಪಾತ್ರ ಗೊಂಬೆ ಮಾಡುವ ಮುದುಕ. ಅವನು ಎಲ್ಲ ಗೊಂಬೆಗೂ ಬಣ್ಣ ಹಚ್ಚುತ್ತಾನೆ, ಕಣ್ಣು ಮಾತ್ರ ಬರೆಯುವುದಿಲ್ಲ. ಯಾಕೆ ಎಂದು ಇನ್ನೂ ಯಾರೂ ಕೇಳಿಲ್ಲ. ಕೇಳುವ ಧೈರ್ಯ ಯಾವ ಪಾತ್ರಕ್ಕೂ ಬಂದಿಲ್ಲ.

ಹುಕ್ಕೇರಿಯವರು ಅಲ್ಲಿನ ಗುಮ್ಮಟಗಳನ್ನು ತಂದರು, ಹಿಡಕಲ್ ಅಣೆಕಟ್ಟಿನಲ್ಲಿ ಮುಳುಗಿದ ನೆಲವನ್ನು ತಂದರು. ಗೋಡಚಿನಮಲ್ಕಿಯ ನೀರು ಇನ್ನೊಬ್ಬರ ಪಾಲಿಗೆ ಬಂತು: ಅಲ್ಲಿನ ನೀರಿನವರು ಮಾರ್ಕಂಡೇಯ ಹೊಳೆಯವರು, ಘಟಪ್ರಭೆಯವರ ಜೊತೆ ಅವರಿಗೆ ಹಳೆಯ ವೈಮನಸ್ಸು. ಗೋಕಾಕದ ಹತ್ತಿರ ಎರಡೂ ಹೊಳೆ ಕೂಡುತ್ತವೆಯಾದ್ದರಿಂದ ಆ ಜಗಳಕ್ಕೊಂದು ಜಾಗವೂ ಸಿಕ್ಕಿತು. ನಕಾಶೆಯೇ ಕತೆ ಕೊಡುತ್ತದೆ.

ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಕು. 2019ರ ಆಗಸ್ಟ್ ಮಹಾಪೂರದಲ್ಲಿ ಲೋಳಸೂರ ಸೇತುವೆ ಮುಳುಗಿತು, ಊರೊಳಗೆ ನೀರು ಬಂತು. ಅದೇ ವರ್ಷ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಉರುಳಿಬಿಡುತ್ತವೆಂದು ಕೆಳಗಿನ ಮನೆಗಳವರು ಜೀವ ಹಿಡಿದುಕೊಂಡು ಕೂತಿದ್ದರು. ನಮ್ಮ ಗುಂಪಿನಲ್ಲೇ ಮನೆ ಕಳೆದುಕೊಂಡವರಿದ್ದಾರೆ. “ಆ ಮಹಾಪೂರ ನೀರಿನವರು ತಂದದ್ದು” ಎಂದು ಬರೆದರೆ ಪ್ರಸಂಗ ರೋಚಕವಾಗುತ್ತದೆ, ನಿಜವಾಗಿ ನರಳಿದವರ ನೋವು ಹಗುರವಾಗುತ್ತದೆ. ಆ ಮಹಾಪೂರಕ್ಕೆ ನಮ್ಮ ಕತೆಯಲ್ಲಿ ಯಾವ ಮಾಯೆಯೂ ಕಾರಣವಲ್ಲ. ಇದು ನಮ್ಮ ಒಂದು ಪುಟದ ನಿಯಮದಲ್ಲಿ ಬರೆದಿದೆ.

4. ಬಲದ ಜೊತೆಗೆ ಕಟ್ಟೂ ಇರಲಿ

ಎಲ್ಲ ಮಾಡಬಲ್ಲ ಪಾತ್ರದ ಜೊತೆ ಯಾರೂ ಆಡಲಾರರು. ನಮ್ಮ ಜೋಕುಮಾರನನ್ನು ನೋಡಿ. ಭಾದ್ರಪದದ ಅಷ್ಟಮಿಗೆ ಹುಟ್ಟುತ್ತಾನೆ, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗುತ್ತಾನೆ, ಹೊಲಕ್ಕೆ ಮಳೆ ತರುತ್ತಾನೆ, ಹುಣ್ಣಿಮೆಗೆ ಸಾಯುತ್ತಾನೆ. ಆಯುಷ್ಯ ಏಳು ದಿನ. ಆ ಏಳು ದಿನದ ಕಟ್ಟಿನಿಂದಲೇ ಹೆಣ್ಣುಮಕ್ಕಳ ಹಾಡಿನಲ್ಲಿ ಅವನು ಇಷ್ಟು ಕಾಲ ಉಳಿದಿದ್ದಾನೆ ಎಂದು ನನ್ನ ನಂಬಿಕೆ. ನಮ್ಮಲ್ಲೊಬ್ಬರು ಆ ಕಟ್ಟನ್ನು ಎರವಲು ಪಡೆದು, ವರ್ಷಕ್ಕೆ ಏಳೇ ದಿನ ಊರಿನಲ್ಲಿ ಕಾಣುವ ಸಾಲ ವಸೂಲಿಯವನನ್ನು ಮಾಡಿದರು. ಅವನು ಬರುವ ವಾರ ಗುಂಪಿನಲ್ಲಿ ಯಾರಿಗೂ ನಿದ್ದೆ ಇಲ್ಲ.

5. ಭಾಗವತನಿಲ್ಲದೆ ಆಟವಿಲ್ಲ

ಗುಂಪು ನಡೆಸುವವರನ್ನು ನಾವು ಭಾಗವತರೆಂದೇ ಕರೆಯುತ್ತೇವೆ. ಪಾರಿಜಾತದ ಭಾಗವತ ಹಾಡುತ್ತಾನೆ, ಕತೆ ಹೊರಳಿಸುತ್ತಾನೆ, ಪಾತ್ರ ಬಂದರೆ “ಯಾವೂರು, ಯಾರು” ಎಂದು ವಿಚಾರಿಸುತ್ತಾನೆ, ಸತ್ಯಭಾಮೆಯ ದೂತಿಯೂ ತಾನೇ ಆಗಿ ಅವಳ ಜಂಬವನ್ನು ನಗೆಯಲ್ಲೇ ಇಳಿಸುತ್ತಾನೆ. ಹೊರಗೆ ನಿಂತು ತಪ್ಪು ಹುಡುಕುವ ಯಜಮಾನಿಕೆ ಅವನದಲ್ಲ. ಯಾರಾದರೂ ಗೆರೆ ದಾಟಿದರೆ ನಮ್ಮ ಭಾಗವತರೂ ಮೊದಲು ಕತೆಯೊಳಗೇ ಚಹಾದಂಗಡಿಯ ಮುದುಕಿಯಾಗಿ ಬಂದು, “ತಮ್ಮಾ, ಸ್ವಲ್ಪ ಉಸರ ತಗೋ, ಅವರೂ ಮಾತಾಡಲಿ” ಎನ್ನುತ್ತಾರೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಹೊಸಬರು ಬಂದಾಗಲೂ ಅದೇ ವಿಚಾರಣೆ: ಯಾವೂರು, ಯಾರ ಪೈಕಿ, ಏನು ಬೇಕಾಗಿದೆ, ಯಾವುದಕ್ಕೆ ಹೆದರುತ್ತೀ? ನಾಲ್ಕನೆಯದಕ್ಕೆ ಉತ್ತರ ಇಲ್ಲದ ಪಾತ್ರವನ್ನು ಒಳಗೆ ಬಿಡುವುದಿಲ್ಲ. ವಾರಕ್ಕೊಮ್ಮೆ “ಇಲ್ಲಿಯವರೆಗೆ” ಎಂದು ನಡೆದ ಕತೆಯನ್ನು ಹತ್ತು ಸಾಲಿನಲ್ಲಿ ಹಾಕುವುದೂ ಭಾಗವತರ ಕೆಲಸ. ಅದಿಲ್ಲದಿದ್ದರೆ ಒಂದೇ ಪಾತ್ರ ಒಂದೇ ಸಂಜೆ ಘಟಪ್ರಭಾ ಸ್ಟೇಷನ್ನಿನಲ್ಲೂ ಸಂಕೇಶ್ವರದಲ್ಲೂ ಕಾಣಿಸಿಕೊಳ್ಳುತ್ತದೆ.

6. ಪಾತ್ರದ ಸಿಟ್ಟು ಪಾತ್ರದ್ದೇ

ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಕೃಷ್ಣ, ಸತ್ಯಭಾಮೆ ಒಂದೇ ತಾಟಿನ ಮುಂದೆ ಕುಳಿತು ಊಟ ಮಾಡುತ್ತಾರೆ. ಫೋನಿನಲ್ಲಿ ಬಣ್ಣ ತೊಳೆಯುವ ಜಾಗ ಇಲ್ಲ, ಅದಕ್ಕೇ ಅದನ್ನು ನಾವೇ ಮಾಡಿಕೊಳ್ಳಬೇಕು. ನಾವು ಎರಡು ಗುಂಪು ಇಟ್ಟಿದ್ದೇವೆ: ಒಂದರಲ್ಲಿ ಕತೆ, ಇನ್ನೊಂದರಲ್ಲಿ ನಾವು ನಾವಾಗಿ ಹರಟೆ. ಘೋರ ಜಗಳದ ಪ್ರಸಂಗ ಮುಗಿದ ರಾತ್ರಿ ಇಬ್ಬರೂ ಹರಟೆಯ ಗುಂಪಿಗೆ ಬಂದು ಒಂದು ಮಾತಾಡಿ ಮಲಗುವುದು ರೂಢಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಖಡಕ್ಕಾಗಿರಬೇಕು. ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದ ಆಟಕ್ಕೆ ಕೌಜಲಗಿ ನಿಂಗಮ್ಮನಂಥವರು ಬಂದು ತಮ್ಮದೇ ಮೇಳ ಕಟ್ಟಿ ನಿಂತರು. ಅವರು ಗಳಿಸಿಕೊಟ್ಟ ಜಾಗವನ್ನು ನಾವು ಫೋನಿನಲ್ಲಿ ಕಳೆಯಬಾರದು. ಕತೆಯಲ್ಲಿ ಪ್ರೇಮ ಪ್ರಸಂಗ ಇದೆ ಎಂದು ಆಡುವವಳಿಗೆ ಖಾಸಗಿ ಸಂದೇಶ ಕಳಿಸುವವನನ್ನು ಅದೇ ದಿನ ಹೊರಗೆ ಹಾಕುತ್ತೇವೆ, ಅವನು ಎಷ್ಟೇ ಚೆನ್ನಾಗಿ ಬರೆಯುವವನಾಗಿರಲಿ. ಪ್ರೇಮ ಪ್ರಸಂಗಗಳಿಗೆ ಹದಿನೆಂಟು ತುಂಬದವರಿಲ್ಲ. ಯಾರಾದರೂ “ಇಲ್ಲಿಗೆ ಸಾಕು” ಎಂದರೆ ಕಾರಣ ಕೇಳದೆ ಪ್ರಸಂಗ ನಿಲ್ಲುತ್ತದೆ.

7. ಹಂಗಾಮು ಬರುತ್ತದೆ, ಜನ ಹೋಗುತ್ತಾರೆ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಅರ್ಧ ಗುಂಪು ಹೊಲದಲ್ಲಿ, ಫ್ಯಾಕ್ಟರಿಯಲ್ಲಿ, ಟ್ರ್ಯಾಕ್ಟರ್ ಸರದಿಯಲ್ಲಿ. ಪರೀಕ್ಷೆ ಬಂದರೆ ಉಳಿದರ್ಧ. ಅವರ ಮೇಲೆ ಬೇಸರ ಮಾಡಬೇಡಿ. ಪಾತ್ರವನ್ನು ಕತೆಯೊಳಗೇ ಎಲ್ಲಿಗಾದರೂ ಕಳಿಸಿ: ಕೊಲ್ಲಾಪುರಕ್ಕೆ ಮದುವೆಗೆ, ಯಲ್ಲಮ್ಮನ ಗುಡ್ಡಕ್ಕೆ. ಅವರ ಪರವಾಗಿ ಬೇರೆಯವರು ದೊಡ್ಡ ನಿರ್ಧಾರ ಬರೆಯಬಾರದು.

8. ದೇವರು ಮತ್ತು ಬದುಕಿರುವವರು ಬೇಡ

ಜನ ಕೈಮುಗಿಯುವ ದೇವರನ್ನು, ಮಠದ ಸ್ವಾಮಿಗಳನ್ನು, ಇವತ್ತಿನ ರಾಜಕಾರಣಿಗಳನ್ನು, ಓಣಿಯ ನಿಜವಾದ ಮನುಷ್ಯರನ್ನು ಪಾತ್ರ ಮಾಡುವುದಿಲ್ಲ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

9. ನಿಮ್ಮ ಬಾಯಿಯ ಕನ್ನಡದಲ್ಲಿ ಬರೆಯಿರಿ

ಫೋನಿನ ಕೀಬೋರ್ಡು “ಐತಿ”ಯನ್ನು “ಇದೆ” ಮಾಡಲು ನೋಡುತ್ತದೆ, ಬಿಡಬೇಡಿ. ನಿರೂಪಣೆ ಪುಸ್ತಕದ ಕನ್ನಡದಲ್ಲಿದ್ದರೂ ನಡೆಯುತ್ತದೆ, ಪಾತ್ರದ ಮಾತು ಮಾತ್ರ ಬಾಯಿಂದ ಬಂದ ಹಾಗೇ ಇರಬೇಕು. ಗೋಕಾಕದವರ ಮಾತಿಗೂ ನಿಪ್ಪಾಣಿ ಕಡೆಯಿಂದ ಸೊಸೆಯಾಗಿ ಬಂದವರ ಮಾತಿಗೂ ವ್ಯತ್ಯಾಸ ಕೇಳಿಸಬೇಕು. ನೀರಿನವರಿಗೆ ನಾವು ಒಂದೇ ಒಂದು ಗುರುತು ಕೊಟ್ಟಿದ್ದೇವೆ: ಅವರು ಯಾರನ್ನೂ ಕಾಕಾ, ಮಾವ, ಅಕ್ಕ ಎಂದು ಕರೆಯುವುದಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ಕಡೆ ಅಷ್ಟು ಸಾಕು, ಓದುವವರಿಗೆ ಇವರು ಮನುಷ್ಯರಲ್ಲ ಎಂದು ಗೊತ್ತಾಗಲು.

ಶುರು ಮಾಡುವವರಿಗೆ ನಾಲ್ಕು ಜನ, ಒಂದು ಪುಟ ನಿಯಮ, ಒಂದು ಫೋನು ಇಷ್ಟಿದ್ದರೆ ಆಯಿತು. ಆದರೆ ಮೊದಲ ಸಾಲು ಬರೆಯುವ ಮುನ್ನ ಒಂದು ರಾತ್ರಿ ಪಾರಿಜಾತ ನೋಡಿ ಬನ್ನಿ. ಆಟ ಕಟ್ಟುವ ಮೇಳಗಳು ಮೊದಲಿನಷ್ಟು ಉಳಿದಿಲ್ಲ. ನಿಮ್ಮ ಊರಿನ ಜಾತ್ರೆಗೆ ಈ ವರ್ಷ ಆರ್ಕೆಸ್ಟ್ರಾ ಬದಲು ಒಂದು ಮೇಳವನ್ನು ಕರೆಸಿ, ಕಲಾವಿದರಿಗೆ ಒಳ್ಳೆಯ ಸಂಭಾವನೆ ಕೊಡಿ.