ಒಗರು ಮೇವಿನ ಹದ

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಕಡೆಗೆ ಹರಡಿಕೊಂಡಿರುವ ಖುಷ್ಕಿ ಹೊಲಗಳಲ್ಲಿ ಹುರುಳಿ ಕೊಯ್ಲು ಮುಗಿದು ಬಿಸಿಲು ಬಲಿತೊಡನೆ ಹಸಿರು ಮರಗಳ ಮೇಲಷ್ಟೇ ಉಳಿಯುವುದರಿಂದ, ಆಡುಕುರಿಗಳನ್ನು ಸಾಕುವ ನಮ್ಮಂಥವರಿಗೆ ಆಲ, ಬಸರಿ, ಹುಣಸೆಗಳ ಸೊಪ್ಪೂ ಗೊಬ್ಬಳಿಯ ಕಾಯಿಯೂ ಗತಿಯಾಗುತ್ತವೆ. ಈ ಮೇವುಗಳಿಗೆ ಒಗರನ್ನು ಕೊಡುವ ಟ್ಯಾನಿನ್ನಿನೊಡನೆ ಬಾಳುವೆ ಮಾಡುವ ಬಗೆಯನ್ನು ನಾನು ಕಲಿತದ್ದು ಈ ಬೇಸಗೆಗಳಲ್ಲಿ.

ನಮ್ಮ ಬೋರೆಗಳಲ್ಲಿ ತಾನಾಗಿ ಬೆಳೆಯುವ ತಂಗಡಿಯ ತೊಗಟೆ ಚರ್ಮವನ್ನು ಹದಗೊಳಿಸುತ್ತಿದ್ದುದು ಈ ದ್ರವ್ಯದ ಬಲದಿಂದಲೇ. ತೊಗಲಿನ ಪ್ರೋಟೀನನ್ನು ಬಿಗಿದು ಕೊಳೆಯಗೊಡದ ಆ ಗುಣವು, ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೇವಿನ ಪ್ರೋಟೀನನ್ನೂ ಬಿಗಿದು ಅಲ್ಲಿಯ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ನಾಲ್ಕನೆಯ ಹೊಟ್ಟೆಯ ಆಮ್ಲದಲ್ಲಿ ಆ ಬಂಧ ಸಡಿಲುವುದರಿಂದ, ಮೇವಿನ ಒಣತೂಕದಲ್ಲಿ ಟ್ಯಾನಿನ್ ಶೇಕಡ 2ರಿಂದ 4ರಷ್ಟಿದ್ದರೆ ಅದರಿಂದ ಉಪಕಾರವೂ ಉಂಟು. ಶೇಕಡ 5-6ನ್ನು ಮೀರಿತೆಂದರೆ ಸಾಮಾನ್ಯವಾಗಿ ಮೇಯುವ ಆಸೆಯೂ ಜೀರ್ಣಶಕ್ತಿಯೂ ಕುಂದುತ್ತವೆ.

ಇದನ್ನು ಅಳೆಯುವ ಪ್ರಯೋಗಶಾಲೆ ಕೊಟ್ಟಿಗೆಯಲ್ಲಿಲ್ಲದಿದ್ದರೂ, ಬೆಳಗ್ಗೆ ಗುಡಿಸುವಾಗ ಹಿಕ್ಕೆ ಎಂದಿಗಿಂತ ಸಣ್ಣದಾಗಿ, ಕಲ್ಲಿನಂತೆ ಗಟ್ಟಿಯಾಗಿ ಸಿಕ್ಕಿ, ಗೊಂತಿನಲ್ಲಿ ಎಲೆ ಹಾಗೆಯೇ ಉಳಿದಿದ್ದರೆ, ಒಗರು ಅತಿಯಾಯಿತೆಂದು ತಿಳಿದು ಆ ಸೊಪ್ಪನ್ನು ಅರ್ಧಕ್ಕಿಳಿಸುತ್ತೇನೆ. ಆಡು ತಾಳಿಕೊಳ್ಳುವಷ್ಟನ್ನು ಕುರಿ ತಾಳದು; ಆದುದರಿಂದ ಎರಡಕ್ಕೂ ಒಂದೇ ಪಾಲು ಸಲ್ಲದು. ಒಂದೇ ಮರದ ಸೊಪ್ಪನ್ನು ಹೊಟ್ಟೆತುಂಬ ಹಾಕದೆ, ನಾಲ್ಕಾರು ಬಗೆಯದನ್ನು ಬಾಡಿಸಿ ಬೆರೆಸುವುದು, ಗೊಬ್ಬಳಿಯ ಕಾಯನ್ನು ಒಣಮೇವು ತಿಂದಾದ ಮೇಲೆ ಹಿಡಿಯಷ್ಟೇ ಕೊಡುವುದು, ಹುರುಳಿ ಹೊಟ್ಟನ್ನೂ ಒಂದಿಷ್ಟು ಕಡಲೆಕಾಯಿ ಹಿಂಡಿಯನ್ನೂ ಸೇರಿಸಿ, ಬಿಗಿಗೆ ಸಿಕ್ಕದ ಪ್ರೋಟೀನನ್ನು ಒದಗಿಸುವುದು: ನನ್ನ ಕೊಟ್ಟಿಗೆಯಲ್ಲಿ ನಿಂತ ಕ್ರಮಗಳಿವು. ಟ್ಯಾನಿನ್ನನ್ನೇ ಹಿಡಿದುಕೊಂಡು ಪ್ರೋಟೀನನ್ನು ಬಿಡಿಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವೂ ಉಂಟಾದರೂ, ಅದರ ಬೆಲೆ ಸಣ್ಣ ಮಂದೆಗೆ ಹೊಂದುವಂಥದಲ್ಲ.

ಟ್ಯಾನಿನ್ನನ್ನು ಕೇವಲ ವೈರಿಯೆಂದು ಭಾವಿಸುವುದೂ ತರವಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಟ್ಯಾನಿನ್ ಸಮೃದ್ಧವಾದ ಸಸ್ಯಗಳಿಂದಲೇ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿ, ದನಗಳ ಹೊಟ್ಟೆಯಲ್ಲಿ ಹುಟ್ಟುವ ಮೀಥೇನನ್ನು ತಗ್ಗಿಸಲು ಬಳಸಿದ್ದಾರೆ. ಮಿತವರಿತರೆ ಒಗರೂ ಕೆಲಸಕ್ಕೆ ಬರುತ್ತದೆ. ಆ ಮಿತಿಯನ್ನು ಕಾಯುವುದು ಮಾತ್ರ ಮರದಡಿ ನಿಂತ ಮೇಲೆ ಆಗುವ ಕೆಲಸವಲ್ಲ. ಸುಗ್ಗಿಯಲ್ಲಿ ಹುರುಳಿ ಹೊಟ್ಟನ್ನು ಮಾರಿಬಿಟ್ಟವನಿಗೆ ಬೇಸಗೆಯಲ್ಲಿ ಬೆರೆಸಲು ಏನೂ ಇರುವುದಿಲ್ಲ.