ಕೆಟ್ಟ ಅಡುಗೆಯ ವ್ಯಾಕರಣ

ಅಡುಗೆ ಕೆಟ್ಟಿತೆಂದು ಹೇಳಲು ಕನ್ನಡಕ್ಕೆ ಒಂದು ಕ್ರಿಯಾಪದ ಸಾಲದು. ಅನ್ನ ಸೀಯುತ್ತದೆ, ಪಾಯಸ ತಳ ಹಿಡಿಯುತ್ತದೆ, ಹಾಲು ಒಡೆಯುತ್ತದೆ, ಗಂಜಿ ಗಂಟುಕಟ್ಟುತ್ತದೆ, ಪಾಕ ಏರುತ್ತದೆ, ಸಾರು ಹಳಸುತ್ತದೆ, ಕೆಸುವಿನ ಎಲೆ ತುರಿಸುತ್ತದೆ, ದೋಸೆ ಕಾವಲಿಯಿಂದ ಏಳುವುದೇ ಇಲ್ಲ. ಇವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದು. ಹಾಲು ಸೀಯಲೂಬಹುದು, ಒಡೆಯಲೂಬಹುದು. ಎರಡೂ ಬೇರೆ ಬೇರೆ ಅನಾಹುತಗಳು, ಎರಡರ ಪರಿಹಾರವೂ ಬೇರೆ. ಅನ್ನವಂತೂ ಒಡೆಯುವುದಿಲ್ಲ. ಮನೆಯಲ್ಲಿ ಮಾಡಿದ ಪ್ರಯೋಗ ಕೈಕೊಟ್ಟಾಗ ಬಾಯಿಗೆ ಬರುವ ಕ್ರಿಯಾಪದದಲ್ಲಿಯೇ ಅದು ಕೆಟ್ಟ ಕಾರಣ ಅಡಗಿರುತ್ತದೆ ಎಂಬುದನ್ನು ಇಲ್ಲಿ ಕೆಲವು ಉದಾಹರಣೆಗಳ ಮೂಲಕ ನೋಡಬಹುದು. ಸಕರ್ಮಕ, ಅಕರ್ಮಕ, ಪ್ರೇರಣಾರ್ಥಕ, ಸಹಾಯಕ ಕ್ರಿಯಾಪದ ಎಂದು ನಾವು ಪಠ್ಯದಲ್ಲಿ ಓದುವ ವಿಷಯಗಳಿಗೆಲ್ಲ ಒಲೆಯ ಬಳಿಯೇ ಸಾಕಷ್ಟು ಸಾಮಗ್ರಿ ಇದೆ.

ಕಾಸರಗೋಡಿನ ಯಾವುದೇ ಕನ್ನಡ ತರಗತಿಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಹಲವು ಮನೆಮಾತಿನವರು ಒಟ್ಟಿಗೆ ಕುಳಿತಿರುತ್ತಾರೆ. ಈಗಿನ ಅಡುಗೆಯ ಪ್ರಯೋಗಗಳಿಗೆ ಗುರುವಾಗಿರುವುದು ಮೊಬೈಲು. ಅಲ್ಲಿನ ವೀಡಿಯೊಗಳಲ್ಲಿ ಅಡುಗೆ ಕೆಡುವುದು ಅಪರೂಪ. ಕೆಟ್ಟ ಭಾಗವನ್ನು ಮೊದಲೇ ಕತ್ತರಿಸಿ ತೆಗೆದಿರುತ್ತಾರೆ. ಹೀಗಾಗಿ ಮಾಡುವ ಕ್ರಮವನ್ನು ಹೇಳುವ ಮಾತುಗಳು ಕಲಿಯುವವರಿಗೆ ದೊರೆಯುತ್ತವೆ, ಕೆಟ್ಟಾಗ ಆಡಬೇಕಾದ ಮಾತುಗಳು ದೊರೆಯುವುದಿಲ್ಲ. ಎಲ್ಲಕ್ಕೂ ‘ಹಾಳಾಯಿತು’ ಎಂಬ ಒಂದೇ ಮಾತು ರೂಢಿಗೆ ಬರುತ್ತಿದೆ. ‘ಹಾಳಾಯಿತು’ ಎಂಬುದು ತೀರ್ಪು ಮಾತ್ರ, ಅದರಲ್ಲಿ ವಿಚಾರಣೆಯಿಲ್ಲ. ‘ಗಂಟುಕಟ್ಟಿತು’ ಎಂದರೆ ಹಾಗಲ್ಲ. ಹಿಟ್ಟನ್ನು ತಣ್ಣೀರಿನಲ್ಲಿ ಕದಡದೆ ಕುದಿಯುವ ನೀರಿಗೇ ಸುರಿದಿದ್ದಾರೆ, ಹಿಟ್ಟಿನ ಹೊರಪದರ ಥಟ್ಟನೆ ಬೆಂದು ಒಳಗಿನ ಪುಡಿಗೆ ನೀರು ಮುಟ್ಟಿಲ್ಲ ಎಂಬಷ್ಟು ವಿವರ ಆ ಮಾತನ್ನು ಬಲ್ಲವರಿಗೆ ತಾನಾಗಿಯೇ ಹೊಳೆಯುತ್ತದೆ.

ಹಾಲಿನ ಉದಾಹರಣೆಯನ್ನು ತುಸು ವಿಸ್ತಾರವಾಗಿ ತೆಗೆದುಕೊಳ್ಳೋಣ. ರಜೆಯಲ್ಲಿ ಮನೆಗೆ ಬಂದ ವಿದ್ಯಾರ್ಥಿಯೊಬ್ಬ ಶ್ಯಾವಿಗೆ ಪಾಯಸಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿ ನೋಡುತ್ತಾನೆ ಎಂದುಕೊಳ್ಳಿ. ಹಸುವಿನ ಹಾಲು ಕುದಿಯುತ್ತಿರುವಾಗಲೇ ಬೆಲ್ಲ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಪಾಯಸ ತರಿತರಿಯಾಗಿ, ನೀರು ಬೇರೆ ಗಷ್ಟಿ ಬೇರೆಯಾಗಿ ನಿಲ್ಲುತ್ತದೆ. ‘ಅಜ್ಜೀ, ಪಾಯಸ ಹಾಳಾಯಿತು’ ಎಂದು ಅವನು ಕೂಗಿದರೆ ಒಳಗಿನಿಂದ ಬರುವ ಪ್ರಶ್ನೆ, ‘ಒಡೆಯಿತೋ ಮಗಾ, ತಳ ಹಿಡಿಯಿತೋ?’ ಎಂದು. ವೈದ್ಯರು ರೋಗಿಯನ್ನು ಕೇಳುವಂಥ ಪ್ರಶ್ನೆ ಇದು. ತಳ ಹಿಡಿದಿದ್ದರೆ ಸೌಟು ಹಾಕಿ ಕದಡದೆ ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಪಾಯಸ ಉಳಿಯುತ್ತದೆ. ಒಡೆದಿದ್ದರೆ ಬಗ್ಗಿಸಿ ಪ್ರಯೋಜನವಿಲ್ಲ. ಬೆಲ್ಲದಲ್ಲಿ ಸ್ವಲ್ಪ ಆಮ್ಲಗುಣವೂ ಲವಣಾಂಶವೂ ಇವೆ. ಹಾಲು ಬಿಸಿಯಾಗಿದ್ದಷ್ಟೂ ಅಲ್ಪ ಹುಳಿಗೇ ಅದರೊಳಗಿನ ಕೇಸೀನ್ ಎಂಬ ಪ್ರೋಟೀನು ಮುದ್ದೆಗಟ್ಟಿ ನೀರಿನಿಂದ ಬೇರ್ಪಡುತ್ತದೆ. ಆದ್ದರಿಂದಲೇ ಬೆಲ್ಲವನ್ನು ಬೇರೆ ಕರಗಿಸಿ ಸೋಸಿ, ಒಲೆಯಾರಿಸಿ ಹಾಲು ತುಸು ತಣಿದ ಮೇಲೆ ಸೇರಿಸುವ ಪದ್ಧತಿ ಬಂದಿದೆ.

ಕರಾವಳಿಯ ಬೆಲ್ಲದ ಪಾಯಸಗಳಿಗೆ ತೆಂಗಿನ ಹಾಲೇ ಆಧಾರ. ತೆಂಗಿನ ಹಾಲಿನಲ್ಲಿ ಕೇಸೀನ್ ಇಲ್ಲ, ಬೆಲ್ಲದ ಭಯವಿಲ್ಲ. ಆದರೂ ಮೊದಲು ಹಿಂಡಿದ ದಪ್ಪ ಹಾಲನ್ನು ಕೊನೆಯಲ್ಲಿ ಹಾಕಬೇಕು, ಹಾಕಿದ ಮೇಲೆ ಕುದಿಸಬಾರದು ಎಂಬ ನಿಯಮವಿದೆ. ಕುದಿಸಿದರೆ ಎಣ್ಣೆಯಂಶ ನೀರಿನಿಂದ ಪ್ರತ್ಯೇಕಗೊಂಡು ಮೇಲೆ ತೇಲುತ್ತದೆ. ಅದಕ್ಕೂ ನಾವು ‘ಒಡೆಯಿತು’ ಎಂದೇ ಹೇಳುತ್ತೇವೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಇವು ಎರಡು ಬೇರೆ ಪ್ರಕ್ರಿಯೆಗಳು. ಒಂದಾಗಿದ್ದುದು ಎರಡಾಯಿತು ಎಂಬ ನೋಟಕ್ಕೆ ಮಾತ್ರ ಎರಡೂ ಒಂದೇ. ಭಾಷೆ ಇಲ್ಲಿ ಆ ನೋಟವನ್ನು ಹಿಡಿದಿದೆ. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವಾಗಲೂ ಹುಳಿಯಿಂದ ಕೇಸೀನೇ ಗಟ್ಟಿಯಾಗುವುದು. ಆಗ ನಾವು ‘ಒಡೆಯಿತು’ ಎನ್ನದೆ ‘ಹೆಪ್ಪುಗಟ್ಟಿತು’ ಎನ್ನುತ್ತೇವೆ. ಮೆಲ್ಲನೆ ನಡೆದು, ನೀರನ್ನೂ ತನ್ನೊಳಗೆ ಹಿಡಿದುಕೊಂಡು, ನಾವು ಬಯಸಿದಂತೆ ಆದದ್ದಕ್ಕೆ ಒಂದು ಮಾತು. ಬಿಸಿಯಲ್ಲಿ ಒಮ್ಮೆಲೇ ನಡೆದು ನಮ್ಮ ಇಚ್ಛೆಯನ್ನು ಮೀರಿದ್ದಕ್ಕೆ ಇನ್ನೊಂದು.

ಇಲ್ಲಿಯೇ ವ್ಯಾಕರಣದ ಮುಖ್ಯ ಪ್ರಶ್ನೆ ಏಳುತ್ತದೆ. ‘ಒಡೆ’ ಎಂಬ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ಹುಡುಗ ಮಡಕೆಯನ್ನು ಒಡೆದನು’, ‘ಮಡಕೆ ಒಡೆಯಿತು’ ಎಂಬ ಎರಡೂ ವಾಕ್ಯಗಳು ಸಾಧು. ಹಾಲಿನ ವಿಷಯದಲ್ಲಿ ಮಾತ್ರ ‘ಹುಡುಗ ಹಾಲನ್ನು ಒಡೆದನು’ ಎಂದು ಯಾರೂ ಹೇಳುವುದಿಲ್ಲ. ಹಾಲು ತಾನೇ ಒಡೆಯಬೇಕು. ಯಾರಾದರೂ ಬೇಕೆಂದೇ ಆ ಕೆಲಸ ಮಾಡಿದರೆ, ಅಂದರೆ ಪನೀರಿಗಾಗಿ ನಿಂಬೆಹುಳಿ ಹಿಂಡಿದರೆ, ಆಗ ‘ಇಸು’ ಪ್ರತ್ಯಯದ ಬಲದಿಂದ ‘ಹಾಲು ಒಡೆಸಿದರು’ ಎಂಬ ಪ್ರೇರಣಾರ್ಥಕ ರೂಪ ಬರುತ್ತದೆ. ಆಕಸ್ಮಿಕಕ್ಕೆ ‘ಒಡೆಯಿತು’, ಉದ್ದೇಶಕ್ಕೆ ‘ಒಡೆಸಿದರು’. ಪ್ರೇರಣಾರ್ಥಕವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಜೋಡಿ ಸುಲಭವಾಗಿ ಸಿಗದು. ಪಠ್ಯಪುಸ್ತಕಗಳಲ್ಲಿ ‘ಮಾಡು–ಮಾಡಿಸು’ ಎಂಬ ಉದಾಹರಣೆಯೇ ಮರಳಿ ಮರಳಿ ಬರುತ್ತದೆ. ಅದರಲ್ಲಿ ಈ ಸೂಕ್ಷ್ಮ ಕಾಣಿಸುವುದಿಲ್ಲ.

ಮೇಲೆ ಹೇಳಿದ ಕ್ರಿಯಾಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಎಲ್ಲ ವಾಕ್ಯಗಳಲ್ಲಿಯೂ ಕರ್ತೃಸ್ಥಾನದಲ್ಲಿರುವುದು ಪದಾರ್ಥ, ಅಡುಗೆ ಮಾಡಿದವರಲ್ಲ. ಪಾಯಸವೇ ತಳವನ್ನು ಹಿಡಿಯುತ್ತದೆ, ಪಾಕವೇ ಏರುತ್ತದೆ. ಅಡುಗೆ ಮಾಡಿದವರನ್ನು ವಾಕ್ಯದೊಳಗೆ ಎಳೆದು ತರಬೇಕಾದರೆ ಧಾತುವನ್ನೂ ಸಹಾಯಕ ಕ್ರಿಯಾಪದವನ್ನೂ ಬದಲಿಸಬೇಕು. ‘ಅನ್ನ ಸೀದುಹೋಯಿತು’ ಎಂದರೆ ಆದದ್ದಾಯಿತು. ‘ಅನ್ನ ಸೀಯಿಸಿಬಿಟ್ಟಳು’ ಎಂದರೆ ಅವಳ ಗಮನ ಬೇರೆಲ್ಲೋ ಇತ್ತು. ‘ಅನ್ನ ಕೆಡಿಸಿ ಹಾಕಿದಳು’ ಎಂದರೆ ಜಗಳ ಆರಂಭವಾಗಿದೆ. ಹೋಗು, ಬಿಡು, ಹಾಕು ಎಂಬ ಮೂರು ಸಹಾಯಕ ಕ್ರಿಯಾಪದಗಳು ತಮ್ಮ ಮೂಲಾರ್ಥವನ್ನು ಬಿಟ್ಟು ದೋಷಾರೋಪದ ಮೂರು ಮೆಟ್ಟಿಲುಗಳಾಗಿವೆ. ಮನೆಯೊಳಗಿನ ಸೌಜನ್ಯ ಬಹುಮಟ್ಟಿಗೆ ಈ ಆಯ್ಕೆಯಲ್ಲಿದೆ: ಹೊಸದಾಗಿ ಅಡುಗೆ ಕಲಿಯುತ್ತಿರುವವಳ ಎದುರು ಅತ್ತೆ ‘ಸೀದುಹೋಯಿತಾ?’ ಎನ್ನುತ್ತಾರೋ ‘ಸೀಯಿಸಿಬಿಟ್ಟೆಯಾ?’ ಎನ್ನುತ್ತಾರೋ ಎಂಬುದು ಸಣ್ಣ ವಿಷಯವಲ್ಲ. ಅನುವಾದದ ಕನ್ನಡದಲ್ಲಿ ಈಚೆಗೆ ಎಲ್ಲೆಲ್ಲೂ ಕಾಣುವ ಕರ್ಮಣಿ ಪ್ರಯೋಗಕ್ಕೆ ಇಲ್ಲಿ ಪ್ರವೇಶವೇ ಇಲ್ಲ. ‘ಹಾಲು ಒಡೆಯಲ್ಪಟ್ಟಿತು’ ಎಂದು ಹೇಳಿ ನೋಡಿ, ನಗು ಬರುತ್ತದೆ.

ಬೆಂಕಿಯಿಂದ ಆಗುವ ಅನಾಹುತಗಳಿಗೆ ಕನ್ನಡದಲ್ಲಿ ಒಂದು ಶ್ರೇಣಿಯೇ ಇದೆ. ಮೊದಲು ತಳ ಹಿಡಿಯುತ್ತದೆ. ಆಗ ಬಣ್ಣ ಬದಲಾಗಿರುತ್ತದೆ, ವಾಸನೆ ಇನ್ನೂ ಮೇಲೇರಿರುವುದಿಲ್ಲ. ಆಮೇಲೆ ಸೀಯುತ್ತದೆ, ಈಗ ವಾಸನೆ ಇಡೀ ಪಾತ್ರೆಗೆ ಹಬ್ಬಿದೆ. ಕೊನೆಗೆ ಕರಕಲಾಗುತ್ತದೆ, ಇನ್ನು ಉಳಿದಿರುವುದು ಪಾತ್ರೆ ಉಜ್ಜುವ ಕೆಲಸ. ‘ಹೊತ್ತು’ ಎಂಬ ಧಾತುವೂ ಇಲ್ಲಿ ಬರುತ್ತದೆ. ಹಳಗನ್ನಡದ ‘ಪೊತ್ತು’ ಇದರ ಪೂರ್ವರೂಪ. ಪಾಲು ಹಾಲಾದಂತೆ ಪೊತ್ತು ಹೊತ್ತಾಗಿದೆ. ಬೆಂಕಿ ಹತ್ತಿಕೊಳ್ಳುವುದಕ್ಕೂ, ಒಲೆಯ ಮೇಲಿನ ಪಾತ್ರೆಯಲ್ಲಿದ್ದುದು ಸುಡುವುದಕ್ಕೂ ಈ ಒಂದೇ ಧಾತು ಸಲ್ಲುತ್ತದೆ. ಇಂಥ ರೂಪಗಳ ಬೆನ್ನು ಹತ್ತಬೇಕೆನ್ನುವವರು ಮೊದಲು ತೆರೆಯಬೇಕಾದ ಪುಸ್ತಕ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು.

ನಮ್ಮ ಜಿಲ್ಲೆಯಲ್ಲಿ ಈ ಶ್ರೇಣಿಗೆ ನೆರೆಯ ಭಾಷೆಗಳೂ ಜೊತೆಗೂಡುತ್ತವೆ. ಇಲ್ಲಿನ ಹವ್ಯಕರ ಮನೆಗಳಲ್ಲಿ ‘ಕರಂಚಿ ಹೋತು’ ಎನ್ನುತ್ತಾರೆ. ಮಲಯಾಳದಲ್ಲಿ ‘ಕರಿಞ್ಞು ಪೋಯಿ’. ಕನ್ನಡದ ಕರಿ, ಕರಕಲು ಎಂಬವುಗಳ ಪಕ್ಕದಲ್ಲಿ ಇವನ್ನು ಇಟ್ಟರೆ ದ್ರಾವಿಡ ಮೂಲದ ಒಂದೇ ಕುಟುಂಬ ಕಣ್ಣಿಗೆ ಕಟ್ಟುತ್ತದೆ. ಮಲಯಾಳದ ‘ಅಡಿಕ್ಕು ಪಿಡಿಚ್ಚು’ ನಮ್ಮ ‘ತಳ ಹಿಡಿಯಿತು’ ಎಂಬುದರ ಸಹೋದರನಂತಿದೆ. ಹಾಲಿನ ವಿಷಯಕ್ಕೆ ಬಂದಾಗ ಮಾತ್ರ ಒಂದೊಂದು ಭಾಷೆ ಒಂದೊಂದು ಚಿತ್ರವನ್ನು ಆರಿಸಿಕೊಂಡಿದೆ. ಮಲಯಾಳದಲ್ಲಿ ಹಾಲು ಪಿರಿಯುತ್ತದೆ, ಅಂದರೆ ಅಗಲುತ್ತದೆ. ತಮಿಳಿನಲ್ಲಿ ತಿರಿಯುತ್ತದೆ, ಅಂದರೆ ಬದಲಾಗುತ್ತದೆ. ತೆಲುಗಿನಲ್ಲಿ ‘ಪಾಲು ವಿರಿಗಾಯಿ’, ಮುರಿದವು. ತೆಲುಗಿಗೆ ಹಾಲು ಬಹುವಚನ ಎಂಬುದನ್ನೂ ಗಮನಿಸಬೇಕು. ಮರಾಠಿಯಲ್ಲಿ ಹಾಲು ನಾಸುತ್ತದೆ, ಅಂದರೆ ಕೆಟ್ಟೇ ಹೋಗುತ್ತದೆ. ಹರಿದುಹೋಗುವ ಅರ್ಥದ ‘ಫಾಟಲಂ’ ಎಂಬ ಮಾತೂ ಉಂಟು. ಹೊಸೂರು, ಆದವಾನಿ, ಅಕ್ಕಲಕೋಟೆಗಳ ಕನ್ನಡದ ಮನೆಗಳಲ್ಲಿ ಹಾಲು ಒಡೆಯುತ್ತದೆಯೋ ನೆರೆಮಾತಿನ ಚಿತ್ರವನ್ನು ಕಡ ಪಡೆದಿದೆಯೋ ಎಂಬುದು ಗಡಿನಾಡಿನ ವಿದ್ಯಾರ್ಥಿಗಳೇ ಮಾಡಬಹುದಾದ ಸಂಶೋಧನೆ. ಇದಕ್ಕೆ ಪ್ರಯೋಗಾಲಯ ಬೇಡ, ಅರ್ಧ ಲೀಟರು ಹಾಲೂ ಬೇಡ.

ಮೈಸೂರುಪಾಕಿನ ಪ್ರಯೋಗ ಕೆಟ್ಟವರಿಗೆ ‘ಪಾಕ’ ಎಂಬ ಶಬ್ದದ ಭಾರ ಗೊತ್ತಿರುತ್ತದೆ. ಸಕ್ಕರೆ ನೀರು ಕುದಿಯುತ್ತಿದ್ದಂತೆ ನೀರು ಆವಿಯಾಗಿ ಅದರ ಕುದಿಬಿಂದು ಏರುತ್ತಾ ಹೋಗುತ್ತದೆ. ಒಂದೆಳೆ ಪಾಕದಿಂದ ಉಂಡೆ ಪಾಕಕ್ಕೆ ಇರುವ ಅಂತರ ಕೆಲವೇ ಡಿಗ್ರಿ. ಬೆರಳ ತುದಿಯಲ್ಲಿ ಎಳೆ ಬರುವ ಮೊದಲೇ ಕಡಲೆಹಿಟ್ಟು ಹಾಕಿದರೆ ಅದು ಹಲ್ವದಂತೆ ಮೆತ್ತಗೆ ಉಳಿಯುತ್ತದೆ. ಪಾಕ ಏರಿದ ಮೇಲೆ ಹಾಕಿದರೆ ಕಲ್ಲು. ಕಾವ್ಯಮೀಮಾಂಸೆಯ ಪಾಠದಲ್ಲಿ ದ್ರಾಕ್ಷಾಪಾಕ, ಕದಲೀಪಾಕ, ನಾರಿಕೇಲಪಾಕ ಎಂದು ಓದುವಾಗ ವಿದ್ಯಾರ್ಥಿಗಳು ಸಕ್ಕರೆಯ ಪಾಕವನ್ನೇ ಕಲ್ಪಿಸಿಕೊಳ್ಳುವುದುಂಟು. ಎರಡಕ್ಕೂ ಮೂಲ ಸಂಸ್ಕೃತದ ‘ಪಚ್’ ಧಾತುವೇ ಆದರೂ ಕಾವ್ಯದ ಪಾಕವೆಂದರೆ ಪಕ್ವತೆ, ಹಣ್ಣಾಗುವಿಕೆ. ಅರ್ಥ ಓದುಗನಿಗೆ ದ್ರಾಕ್ಷಿಯಂತೆ ಒಡನೆ ದಕ್ಕುತ್ತದೆಯೋ, ತೆಂಗಿನಕಾಯಿಯಂತೆ ಚಿಪ್ಪು ಒಡೆದ ಮೇಲೆ ದಕ್ಕುತ್ತದೆಯೋ ಎಂಬ ಭೇದ. ಈ ಪಕ್ವತೆಗೆ ಅಚ್ಚಗನ್ನಡದಲ್ಲಿ ‘ಹದ’ ಎಂದು ಹೆಸರು. ಇದರ ಹಳೆಯ ರೂಪ ‘ಪದ’. ಅಡುಗೆ ಯಾವ ರೀತಿಯಿಂದ ಕೆಟ್ಟರೂ ‘ಹದ ತಪ್ಪಿತು’ ಎನ್ನಲು ಅಡ್ಡಿಯಿಲ್ಲ. ‘ಹಾಳಾಯಿತು’ ಎಂಬುದಕ್ಕಿಂತ ಅದು ಎಷ್ಟೋ ಮೇಲು, ಏಕೆಂದರೆ ಸರಿಯಾದ ಒಂದು ಬಿಂದು ಇತ್ತೆಂದು ಅದು ಒಪ್ಪಿಕೊಳ್ಳುತ್ತದೆ.

ಪ್ರದೇಶಕ್ಕೊಂದು ಅನಾಹುತ, ಅದಕ್ಕೊಂದು ಮಾತು. ಮಳೆಗಾಲದಲ್ಲಿ ಇಲ್ಲಿ ಪತ್ರೊಡೆ ಮಾಡುವವರು ಹುಳಿ ಅತಿಯಾದೀತೆಂದು ಹುಣಸೆಹುಳಿಯನ್ನು ಕಡಿಮೆ ಮಾಡಿದರೆ ಬಾಯಿ ತುರಿಸುತ್ತದೆ. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ಹುಳಿಯೂ ದೀರ್ಘಕಾಲದ ಹಬೆಯೂ ಸೇರಿ ಆ ತುರಿಕೆಯನ್ನು ತಗ್ಗಿಸುತ್ತವೆ. ‘ಹುಳಿ ಸ್ವಲ್ಪ ಮುಂದಿರಬೇಕು’ ಎಂಬ ಹಿರಿಯರ ಮಾತು ರುಚಿಗಾಗಿ ಮಾತ್ರ ಹೇಳಿದ್ದಲ್ಲ. ಸೊಲ್ಲಾಪುರ, ಜತ್ತದ ಕಡೆ ಜೋಳದ ರೊಟ್ಟಿ ತಟ್ಟಲು ಕುಳಿತವರ ತೊಂದರೆ ಬೇರೆ. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಹಿಟ್ಟು ಹಳೆಯದಾದರೆ ರೊಟ್ಟಿ ಬಿರಿಯುತ್ತದೆ. ‘ಹಿಟ್ಟಿನಾಗ ಜಿಗಿ ಇಲ್ಲ’ ಎಂದು ಹೇಳಿ ಎಸರಿನಲ್ಲಿ ನಾದುತ್ತಾರೆ. ‘ಜಿಗಿ’ ಎಂಬ ಎರಡಕ್ಷರದಲ್ಲಿ ರೋಗವೂ ಇದೆ, ಮದ್ದೂ ಇದೆ.

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಹಳೆಯದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (1025) ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದಿದ್ದಾನೆ. ಶಾಸ್ತ್ರಗ್ರಂಥಗಳ ಮುಖ್ಯ ಕಾಳಜಿ ಮಾಡುವ ವಿಧಾನ. ಬರೆದವರಲ್ಲಿ ಸೌಟು ಹಿಡಿದವರೆಷ್ಟು ಮಂದಿ ಎಂಬುದು ಬೇರೆ ಮಾತು. ಕೆಟ್ಟಾಗಿನ ಕನ್ನಡ ಹೆಚ್ಚಾಗಿ ಉಳಿದುಬಂದದ್ದು ಬಾಯಿಂದ ಬಾಯಿಗೆ, ಅದರಲ್ಲಿಯೂ ಹೆಂಗಸರ ಬಾಯಿಂದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡದ ಚಿಂತೆ ಶಾಲೆ, ಕಚೇರಿ, ನಾಮಫಲಕಗಳ ಸುತ್ತ ನಡೆದಿದೆ. ಅದು ಆಗಬೇಕಾದದ್ದೇ. ಆದರೆ ‘ತಳ ಹಿಡಿಯಿತು’ ಎಂಬುದನ್ನು ಯಾವ ಸರಕಾರಿ ಆದೇಶವೂ ಉಳಿಸಲಾರದು. ಅದನ್ನು ಆಡುವವರ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು ಬೇಕು.

ಅಭ್ಯಾಸಕ್ಕೆ: ಈ ತಿಂಗಳು ಮನೆಯಲ್ಲಿಯೋ ಹಾಸ್ಟೆಲಿನಲ್ಲಿಯೋ ಅಡುಗೆ ಕೆಟ್ಟಾಗ ಕೇಳಿಬಂದ ಹತ್ತು ವಾಕ್ಯಗಳನ್ನು, ಆಡಿದಂತೆಯೇ, ತಿದ್ದದೆ ಬರೆದುಕೊಳ್ಳಿ. ಪ್ರತಿಯೊಂದರಲ್ಲಿಯೂ ಕರ್ತೃ ಯಾವುದು, ಧಾತು ಸಕರ್ಮಕವೋ ಅಕರ್ಮಕವೋ, ಹೋಗು, ಬಿಡು, ಹಾಕು ಎಂಬವುಗಳಲ್ಲಿ ಯಾವುದು ಬಂದಿದೆ ಎಂಬುದನ್ನು ಗುರುತಿಸಿ. ಮನೆಮಾತು ಕನ್ನಡವಲ್ಲದವರು ತಮ್ಮ ಭಾಷೆಯ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು, ಶಬ್ದಶಃ ಅರ್ಥವನ್ನು ಪಕ್ಕದಲ್ಲಿ ಕೊಡಲಿ. ಹೇಳಿದವರ ಊರು, ಸುಮಾರು ವಯಸ್ಸು, ಮನೆಮಾತು ಇರಲಿ. ಹೆಸರು ಬೇಡ, ಯಾರ ಅಡುಗೆ ಕೆಟ್ಟಿತೆಂಬುದಂತೂ ಬೇಡವೇ ಬೇಡ.